ನಲವತ್ತರ ಗೆರೆ



ಇವತ್ತು ಪಕ್ಷ ರಾಜಕೀಯ ಬೇಡ. ಒಂದು ಸಂಖ್ಯೆಯ ಬಗ್ಗೆ ಮಾತಾಡೋಣ. ಆ ಸಂಖ್ಯೆ 40.

ನಾವಿವತ್ತು ಇರೋದು ಬೆಳಗಾವಿ ಜಿಲ್ಲೆಯ ಮುರಗೋಡದಲ್ಲಿ. ಮಹಾಂತಜ್ಜನ ಮಠದ ಊರು. ಒಂದು ಕಡೆ ಬೈಲಹೊಂಗಲ, ಇನ್ನೊಂದು ಕಡೆ ಸವದತ್ತಿ, ಆಚೆ ರಾಮದುರ್ಗ, ಈಚೆ ಕಿತ್ತೂರು. ಕಬ್ಬು, ಹತ್ತಿ, ಜೋಳ, ಕಡಲೆ ಬೆಳೆಯೋ ಸೀಮೆ. ಮೈಮುರಿದು ದುಡಿದರೆ ಮಾತ್ರ ಒಲೆ ಹೊತ್ತೋ ಮನೆಗಳು ಇಲ್ಲಿ ಬೇಕಾದಷ್ಟು. ಅಂಥ ಮನೆಯಲ್ಲಿ ದುಡಿಯೋ ಕೈಗೇ ಪೆಟ್ಟು ಬಿದ್ದರೆ? ಕಾಲು ಎಳೆದರೆ? ಕಣ್ಣು ಹೋದರೆ? ಆಗ ಸರ್ಕಾರ ಬಂದು ನಿಲ್ಲಬೇಕು. ನಿಲ್ಲುತ್ತೆ ಕೂಡ. ಆದರೆ ನಿಲ್ಲೋ ಮೊದಲು ಒಂದು ಪ್ರಶ್ನೆ ಕೇಳುತ್ತೆ: ನಿಮ್ಮದು ಎಷ್ಟು ಪರ್ಸೆಂಟ್?

40 ಇದ್ದರೆ ಒಳಗೆ. 39 ಇದ್ದರೆ ಹೊರಗೆ. ನಡುವೆ ಬಾಗಿಲು ಇಲ್ಲ, ಕಿಟಕಿಯೂ ಇಲ್ಲ.

ಈ 40 ಬಂದದ್ದು ಎಲ್ಲಿಂದ ಅಂತ ಮೊದಲು ನೋಡೋಣ. 1995ರಲ್ಲಿ ದೇಶಕ್ಕೆ ಒಂದು ಅಂಗವಿಕಲರ ಕಾಯ್ದೆ ಬಂತು. ಅದರಲ್ಲಿ ಏಳು ಬಗೆಯ ವೈಕಲ್ಯ ಇತ್ತು. 2016ರಲ್ಲಿ ಹೊಸ ಕಾಯ್ದೆ ಬಂತು, ವಿಕಲಚೇತನರ ಹಕ್ಕುಗಳ ಕಾಯ್ದೆ. 2017ರ ಏಪ್ರಿಲ್ 19ರಿಂದ ಜಾರಿ. ಏಳು ಇದ್ದದ್ದು ಇಪ್ಪತ್ತೊಂದಾಯಿತು. ಆಸಿಡ್ ದಾಳಿಗೆ ತುತ್ತಾದವರು ಬಂದರು, ಪಾರ್ಕಿನ್ಸನ್ ಇರೋರು ಬಂದರು, ಹಿಮೊಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಬಂದವು. ಪಟ್ಟಿ ದೊಡ್ಡದಾಯಿತು, ಒಳ್ಳೇದಾಯಿತು. ಆದರೆ ಗೆರೆ ಮಾತ್ರ ಅಲ್ಲೇ ಉಳೀತು. ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇಕಡಾ 4 ಮೀಸಲಾತಿ, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5 ಸೀಟು, ಇವೆಲ್ಲ ಬೇಕಾದರೆ ವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇರಲೇಬೇಕು.

ರಾಜ್ಯದ ಮಾಸಾಶನವೂ ಅಲ್ಲಿಂದಲೇ ಶುರು. 40ರಿಂದ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ. 75 ಮುಟ್ಟಿದರೆ 1,400. ಕೇಂದ್ರದ ಇಂದಿರಾಗಾಂಧಿ ಹೆಸರಿನ ಪಿಂಚಣಿ ಇನ್ನೂ ಬಿಗಿ. ಶೇಕಡಾ 80 ದಾಟಿರಬೇಕು, ಬಡತನ ರೇಖೆ ಕೆಳಗಿರಬೇಕು. ಇಷ್ಟೆಲ್ಲ ಇದ್ದರೆ ದಿಲ್ಲಿಯ ಪಾಲು ಎಷ್ಟು ಗೊತ್ತಾ? ತಿಂಗಳಿಗೆ 300 ರೂಪಾಯಿ. 2012ರಲ್ಲಿ 200 ಇದ್ದದ್ದನ್ನ 300 ಮಾಡಿದರು. ಅವತ್ತಿನಿಂದ ಇವತ್ತಿನವರೆಗೆ ಅಡುಗೆ ಎಣ್ಣೆ ಏರಿತು, ಬಸ್ ಚಾರ್ಜು ಏರಿತು, ಶಾಸಕರ, ಸಂಸದರ ಸಂಬಳ ಏರಿತು. ಈ 300 ಮಾತ್ರ ಏರಲಿಲ್ಲ.

ಸರಿ, ದುಡ್ಡಿನ ಮಾತು ಆಮೇಲೆ. ಮೊದಲು ಆ ಪರ್ಸೆಂಟ್ ಸಿಗೋದು ಹೇಗೆ?

ಮುರಗೋಡದ ಒಬ್ಬ ಮನುಷ್ಯನನ್ನ ಕಣ್ಮುಂದೆ ತಂದುಕೊಳ್ಳಿ. ಹೆಸರು ಬೇಡ. ಪಾರ್ಶ್ವವಾಯು ಹೊಡೆದಿದೆ ಅಂತ ಇಟ್ಟುಕೊಳ್ಳಿ. ಹೊಡೆದ ತಕ್ಷಣ ಪ್ರಮಾಣಪತ್ರ ಸಿಗಲ್ಲ. ಎಷ್ಟು ಸುಧಾರಿಸುತ್ತೆ ಅಂತ ನೋಡೋಕೆ ಆರು ತಿಂಗಳು ಕಾಯಬೇಕು. ವೈದ್ಯಕೀಯವಾಗಿ ಅದು ಸರಿಯಾದ ಮಾತೇ. ಆದರೆ ಆ ಆರು ತಿಂಗಳು ಮನೆ ನಡೆಯೋದು ಹೇಗೆ ಅಂತ ಮಾರ್ಗಸೂಚಿಯಲ್ಲಿ ಬರೆದಿಲ್ಲ.

ಆರು ತಿಂಗಳು ಆಯಿತು. ಈಗ ಅರ್ಜಿ. 2021ರ ಜೂನ್ 1ರಿಂದ ಪ್ರಮಾಣಪತ್ರ ಕೊಡೋದು ಯುಡಿಐಡಿ ಪೋರ್ಟಲ್ ಮೂಲಕವೇ. ಅಂದರೆ ಆನ್‌ಲೈನ್. ಆಧಾರ್ ಬೇಕು, ಫೋಟೊ ಬೇಕು, ವಿಳಾಸದ ದಾಖಲೆ ಬೇಕು, ಮೊಬೈಲಿಗೆ ಓಟಿಪಿ ಬರಬೇಕು. ಒಂದು ಕೈ, ಒಂದು ಕಾಲು ಸ್ವಾಧೀನ ಇಲ್ಲದ ಮನುಷ್ಯ ಇದನ್ನೆಲ್ಲ ಎಲ್ಲಿ ಮಾಡ್ತಾನೆ? ಇಲ್ಲಿ ಒಂದು ಒಳ್ಳೆ ವ್ಯವಸ್ಥೆ ಇದೆ, ಅದನ್ನ ಹೇಳಲೇಬೇಕು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇದ್ದಾರೆ. ಜನ ವಿಆರ್‌ಡಬ್ಲ್ಯೂ ಅಂತಾರೆ. ಅವರೂ ವಿಕಲಚೇತನರೇ. ಕಡಿಮೆ ಗೌರವಧನದಲ್ಲಿ, ಊರುಗೋಲು ಹಿಡಿದು, ಮೂರು ಚಕ್ರದ ಗಾಡಿಯಲ್ಲಿ ಮನೆ ಮನೆಗೆ ಹೋಗಿ ಅರ್ಜಿ ತುಂಬಿಸ್ತಾರೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಇದ್ದಾರೆ. ಈ ಇಡೀ ಯಂತ್ರ ನಿಂತಿರೋದು ಇವರ ಹೆಗಲ ಮೇಲೆ. ನಿಮ್ಮ ಪಂಚಾಯಿತಿಯ ಕಾರ್ಯಕರ್ತ ಯಾರು ಅಂತ ನಿಮಗೆ ಗೊತ್ತಿಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಕೇಳಿ ತಿಳಿದುಕೊಳ್ಳಿ.

ಅರ್ಜಿ ಹೋಯಿತು. ಈಗ ಆಸ್ಪತ್ರೆ. ಮೂಳೆಗೆ ಮೂಳೆ ಡಾಕ್ಟರು ಬೇಕು, ಕಿವಿಗೆ ಇಎನ್‌ಟಿ ಬೇಕು, ಮನಸ್ಸಿಗೆ ಮನೋವೈದ್ಯರು ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ತಜ್ಞರು ಇದ್ದರೆ ಪುಣ್ಯ. ಇಲ್ಲದಿದ್ದರೆ ಬೆಳಗಾವಿ ಜಿಲ್ಲಾಸ್ಪತ್ರೆ, ಜನರ ಬಾಯಲ್ಲಿ ಬಿಮ್ಸ್. ಒಂದು ಸಲ ಹೋದರೆ ಸಾಹೇಬರು ರಜೆ. ಇನ್ನೊಂದು ಸಲ ಹೋದರೆ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ. ಮೂರನೇ ಸಲ ಸರ್ವರ್ ಇಲ್ಲ. ಇದು ಯಾವುದೋ ಒಂದು ಆಸ್ಪತ್ರೆಯ ಕಥೆ ಅಲ್ಲ, ರಾಜ್ಯದ ಯಾವ ಜಿಲ್ಲೆಗೆ ಹೋದರೂ ಜನ ಇದೇ ಹೇಳ್ತಾರೆ.

ಈಗ ಒಂದು ಸಣ್ಣ ಲೆಕ್ಕ. ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನದ ಕೂಲಿ 2025–26ಕ್ಕೆ 370 ರೂಪಾಯಿ. ನಡೆಯೋಕೆ ಬಾರದವರ ಜೊತೆಗೆ ಒಬ್ಬರು ಹೋಗಲೇಬೇಕು. ಗಂಡನ ಜೊತೆ ಹೆಂಡತಿ, ಅಪ್ಪನ ಜೊತೆ ಮಗ. ರೋಗಿಯದು ಹೇಗೂ ದುಡಿಮೆ ಇಲ್ಲ ಅಂತ ಬಿಟ್ಟುಬಿಡೋಣ, ಜೊತೆಗೆ ಹೋದವರದ್ದು ಮಾತ್ರ ಹಿಡಿಯೋಣ. ಮೂರು ಓಡಾಟಕ್ಕೆ ಮೂರು ದಿನದ ಕೂಲಿ 1,110 ರೂಪಾಯಿ. ಬಸ್ಸು, ಚಹಾ, ಊಟ, ಜೆರಾಕ್ಸ್ ಬೇರೆ. ಕೊನೆಗೆ 40 ಪರ್ಸೆಂಟ್ ಸಿಕ್ಕರೆ ಬರೋದು ತಿಂಗಳಿಗೆ 800. ಅಂದರೆ ಮೊದಲ ಒಂದೂವರೆ ಎರಡು ತಿಂಗಳ ಮಾಸಾಶನ ಬರೋ ಮೊದಲೇ ಖರ್ಚಾಗಿ ಹೋಗಿರುತ್ತೆ. 39 ಸಿಕ್ಕರೆ? ಆ ಖರ್ಚೇ ಉಳಿಯೋದು.

ಹಾಗಾದರೆ ಈ 39, 40 ಅನ್ನೋದನ್ನ ಅಳೆಯೋದು ಹೇಗೆ? ಇದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. 2018ರ ಜನವರಿಯಲ್ಲಿ ಒಂದು ಬಂತು, 2024ರ ಮಾರ್ಚಿನಲ್ಲಿ ಪರಿಷ್ಕರಿಸಿದರು. ಡಾಕ್ಟರು ಮನಸ್ಸಿಗೆ ಬಂದ ಹಾಗೆ ಬರೆಯೋ ಹಾಗಿಲ್ಲ. ಕೀಲು ಎಷ್ಟು ಮಡಚುತ್ತೆ, ಸ್ನಾಯುಗೆ ಎಷ್ಟು ಬಲ ಇದೆ, ಎಲ್ಲಕ್ಕೂ ಅಂಕ. 2018ರ ಮಾರ್ಗಸೂಚಿಯಲ್ಲಿ ಕೈಗೆ ಹತ್ತು ಚಟುವಟಿಕೆಗಳ ಪರೀಕ್ಷೆ ಇದೆ, ಒಂದೊಂದಕ್ಕೆ ಒಂಬತ್ತು ಅಂಕ. ಕೈಯಲ್ಲಿ ಊಟ ಮಾಡೋದು, ತಲೆ ಬಾಚೋದು, ಅಂಗಿ ಹಾಕೋದು, ಗುಂಡಿ ಹಾಕೋದು, ಲೋಟ ಎತ್ತಿ ನೀರು ಕುಡಿಯೋದು, ಬರೆಯೋದು, ಹೀಗೆ. ಕಾಲಿಗೆ ಮೆಟ್ಟಿಲು ಹತ್ತೋದು, ಕುಕ್ಕರುಗಾಲಲ್ಲಿ ಕೂರೋದು, ಚಕ್ಕಳಮಕ್ಕಳ ಹಾಕೋದು. ನಮ್ಮ ದೇಶದ ಬದುಕು ಗೊತ್ತಿರೋರು ಮಾಡಿದ ಪಟ್ಟಿ ಅದು, ಒಪ್ಪೋಣ.

ಆದರೆ ಆ ಪಟ್ಟಿಯನ್ನ ಇನ್ನೊಮ್ಮೆ ನೋಡಿ. ಬರೆಯೋದು ಇದೆ. ಕುಡುಗೋಲು ಹಿಡಿಯೋದು ಇಲ್ಲ. ಕಟ್ಟಿದ ಕಬ್ಬಿನ ಹೊರೆಯನ್ನ ತಲೆ ಮೇಲೆ ಹೊತ್ತು ಹಲಗೆ ಹತ್ತಿ ಟ್ರ್ಯಾಕ್ಟರ್ ಟ್ರೇಲರಿಗೆ ಹಾಕೋದು ಇಲ್ಲ. ದಿನಪೂರ್ತಿ ಬಗ್ಗಿ ಕಳೆ ಕೀಳೋದು ಇಲ್ಲ. ರಾಮದುರ್ಗದ ನೇಕಾರರು ಮಗ್ಗದ ಮುಂದೆ ಕೈಕಾಲು ಎರಡನ್ನೂ ಆಡಿಸೋದು ಇಲ್ಲ. ಒಂದು ಸಲ ಗುಂಡಿ ಹಾಕಿ ತೋರಿಸಿದರೆ ಆ ಕೈ ಸರಿ ಇದೆ. ಅದೇ ಕೈ ಎಂಟು ತಾಸು ಕಬ್ಬು ಕಡಿಯುತ್ತಾ? ಅದನ್ನ ಯಾರೂ ಕೇಳಲ್ಲ.

ಒಂದು ಉದಾಹರಣೆ ಕೊಡ್ತೀನಿ. ಬಲಗೈಯ ಹೆಬ್ಬೆರಳು ಬುಡದಿಂದ ಹೋಗಿದೆ. ಮಾರ್ಗಸೂಚಿಯಲ್ಲಿ ಅದಕ್ಕೆ ಶೇಕಡಾ 30. ಬಳಸೋ ಕೈ ಅಂತ ಸ್ವಲ್ಪ ಹೆಚ್ಚುವರಿ ಅಂಕ ಸಿಗಬಹುದು, ಆದರೂ 40 ಮುಟ್ಟುತ್ತೆ ಅನ್ನೋ ಖಾತ್ರಿ ಇಲ್ಲ. ಈಗ ನೋಡಿ, ನಾಳೆ ನನಗೇ ಹೆಬ್ಬೆರಳು ಹೋಯಿತು ಅಂದುಕೊಳ್ಳಿ. ನೋವಾಗುತ್ತೆ, ಕಷ್ಟ ಆಗುತ್ತೆ. ಆದರೆ ನಾನು ಸುದ್ದಿ ಓದೋದು ನಿಲ್ಲಲ್ಲ, ಸಂಬಳ ನಿಲ್ಲಲ್ಲ. ಕಬ್ಬು ಕಡಿಯೋ ಗ್ಯಾಂಗಿನವರಿಗೆ ಅದೇ ಬೆರಳು ಹೋದರೆ ಆ ಹಂಗಾಮಿನಿಂದಲೇ ಅನ್ನ ಹೋಯಿತು. ಗುತ್ತಿಗೆದಾರನ ಹತ್ತಿರ ಪಡೆದ ಮುಂಗಡ ತಲೆ ಮೇಲೆ ಹಾಗೇ ಕೂತಿರುತ್ತೆ. ಸರ್ಕಾರದ ಪುಸ್ತಕದಲ್ಲಿ ನನಗೂ 30, ಅವರಿಗೂ 30. ಅಳೆದದ್ದು ಬೆರಳನ್ನ. ಬದುಕನ್ನ ಅಲ್ಲ.

ಇನ್ನೊಂದು ಕೇಳಿ. ಎರಡು ಕಡೆ ಪೆಟ್ಟಾಗಿದ್ದರೆ? ಕೈಯಲ್ಲಿ ಶೇಕಡಾ 25, ಕಾಲಿನಲ್ಲಿ ಶೇಕಡಾ 20. ಕೂಡಿಸಿದರೆ 45, ಗೆರೆ ದಾಟಿದರು ಅಂತ ನೀವು ಅಂದುಕೊಳ್ತೀರಿ. ಇಲ್ಲ. ಕೂಡಿಸೋಕೆ ಒಂದು ಸೂತ್ರ ಇದೆ. ದೊಡ್ಡ ಸಂಖ್ಯೆಯನ್ನ ಹಾಗೇ ಇಟ್ಟುಕೊಳ್ಳಿ. 90ರಲ್ಲಿ ಅದನ್ನ ಕಳೆಯಿರಿ. ಉಳಿದದ್ದನ್ನ ಸಣ್ಣ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡದಕ್ಕೆ ಸೇರಿಸಿ. 90ರಲ್ಲಿ 25 ಹೋದರೆ 65. 65ನ್ನ 20ರಿಂದ ಗುಣಿಸಿದರೆ 1,300. 90ರಿಂದ ಭಾಗಿಸಿದರೆ 14.4. ಅದಕ್ಕೆ 25 ಸೇರಿಸಿ. 39.4.

ಮುಗೀತು. ಹೊರಗೆ.

ಈ ಸೂತ್ರ ಯಾರೋ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಬರೀ ಕೂಡಿಸ್ತಾ ಹೋದರೆ ನಾಲ್ಕೈದು ಕಡೆ ಪೆಟ್ಟಾದವರದ್ದು ನೂರು ದಾಟಿಬಿಡುತ್ತೆ. ಅದಕ್ಕೇ ಒಂದು ನಷ್ಟ ತೆಗೆದ ಮೇಲೆ ಉಳಿದ ದೇಹದಲ್ಲಿ ಇನ್ನೊಂದರ ಪಾಲು ಹಿಡೀತಾರೆ. ಗಣಿತ ಸರಿ ಇದೆ. ಆದರೆ ದೇಹ ಹಾಗೆ ಕೆಲಸ ಮಾಡುತ್ತಾ? ಕಾಲು ಹೋದವರಿಗೆ ಊರುಗೋಲು ಹಿಡಿಯೋಕೆ ಕೈ ಬೇಕು. ಕೈಯೂ ಹೋದರೆ ಊರುಗೋಲೂ ಹೋಯಿತು. ಅಂದರೆ ಎರಡೂ ಸೇರಿದಾಗ ಕಷ್ಟ ಕೂಡಿದ್ದಕ್ಕಿಂತ ಹೆಚ್ಚಾಗಬೇಕು. ಸೂತ್ರದಲ್ಲಿ ಕಡಿಮೆಯಾಗುತ್ತೆ. ಸೇತುವೆಯ ಒಂದು ಕಂಬ ಬಿರುಕು ಬಿಟ್ಟರೆ ಅದರ ಭಾರ ಪಕ್ಕದ ಕಂಬಕ್ಕೆ ಬೀಳುತ್ತೆ. ಪಕ್ಕದ ಕಂಬವೂ ಬಿರುಕು ಬಿಟ್ಟಿದ್ದರೆ ಯಾವ ಎಂಜಿನಿಯರೂ ನಷ್ಟ ಕಡಿಮೆ ಆಯಿತು ಅಂತ ಬರೆಯಲ್ಲ.

ಇನ್ನು ಕಣ್ಣು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಸರಿ ಇದೆ. ವಿಕಲಚೇತನರ ಮಾರ್ಗಸೂಚಿಯಲ್ಲಿ ಅದು ಶೇಕಡಾ 30. ಗೆರೆಯ ಹೊರಗೆ. ಈಗ 1923ರ ಕಾರ್ಮಿಕರ ಪರಿಹಾರ ಕಾಯ್ದೆ ತೆಗೀರಿ. ಬ್ರಿಟಿಷರ ಕಾಲದ್ದು, 2025ರವರೆಗೆ ಜಾರಿಯಲ್ಲಿತ್ತು. ಅದರ ಅನುಸೂಚಿಯಲ್ಲಿ ಕೆಲಸದ ವೇಳೆ ಒಂದು ಕಣ್ಣು ಕಳಕೊಂಡರೆ, ಇನ್ನೊಂದು ಸರಿ ಇದ್ದರೂ, ಗಳಿಕೆಯ ಶಕ್ತಿ ನಷ್ಟ ಶೇಕಡಾ 40 ಅಂತ ಇತ್ತು. ಗುಡ್ಡೆ ಹಾಗೇ ಇದ್ದು ನೋಟ ಮಾತ್ರ ಹೋದರೆ 30. ಒಂದೇ ದೇಶ, ಒಂದೇ ಕಣ್ಣು, ಎರಡು ಪುಸ್ತಕ, ಎರಡು ಸಂಖ್ಯೆ. ಯಾಕೆ? ಒಂದು ಪುಸ್ತಕ ಅಂಗ ಎಷ್ಟು ಹೋಯಿತು ಅಂತ ಕೇಳುತ್ತೆ, ಇನ್ನೊಂದು ಗಳಿಕೆ ಎಷ್ಟು ಹೋಯಿತು ಅಂತ ಕೇಳುತ್ತಿತ್ತು. ನೂರು ವರ್ಷದ ಹಿಂದಿನ ಆ ಕಾಯ್ದೆಗೆ ಗಳಿಕೆಯ ಮಾತು ಹೊಳೆದಿತ್ತು. ನಮ್ಮ ಮಾಸಾಶನಕ್ಕೆ ಇನ್ನೂ ಹೊಳೆದಿಲ್ಲ.

ಇಲ್ಲಿ ಕಾಯಿಲೆ ರಜೆಯ ಮಾತೂ ಬರಬೇಕು. ಪಟ್ಟಣದ ಫ್ಯಾಕ್ಟರಿಯಲ್ಲಿ ಇಎಸ್‌ಐ ಇದೆ. ಶುರುವಾದದ್ದು 1948ರ ಕಾಯ್ದೆಯಿಂದ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರು ಶೇಕಡಾ 0.75 ಕಟ್ತಾರೆ, ಮಾಲೀಕರು 3.25 ಕಟ್ತಾರೆ. ಜ್ವರ, ಆಪರೇಷನ್ ಅಂತ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70 ಬರುತ್ತೆ. ಟಿಬಿ, ಕ್ಯಾನ್ಸರ್ ಥರದ 34 ದೀರ್ಘ ಕಾಯಿಲೆಗೆ ಶೇಕಡಾ 80, ಎರಡು ವರ್ಷದವರೆಗೂ ಸಿಗಬಹುದು. ಕೆಲಸದಲ್ಲಿ ಅಪಘಾತ ಆದರೆ ವಾಸಿ ಆಗೋವರೆಗೂ ಶೇಕಡಾ 90. ಒಳ್ಳೆ ಯೋಜನೆ. ಅದಕ್ಕೂ ತನ್ನದೇ ಅರ್ಹತೆ ಇದೆ, ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು.

ಆದರೆ ಮುರಗೋಡದ ಸುತ್ತ ಇರೋ ದುಡಿಮೆ ಯಾವುದು? ಕಬ್ಬು, ಹತ್ತಿ. ಇಎಸ್‌ಐ ಕಾನೂನಿನಲ್ಲಿ ಹಂಗಾಮಿ ಕಾರ್ಖಾನೆ ಅಂತ ಒಂದು ವ್ಯಾಖ್ಯೆ ಇದೆ. ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯೋದು, ಬೆಲ್ಲವೂ ಸೇರಿದಂತೆ ಸಕ್ಕರೆ ತಯಾರಿಕೆ, ಇಂಥದರಲ್ಲೇ ತೊಡಗಿದ ಕಾರ್ಖಾನೆಗಳು ಹಂಗಾಮಿ. ಹಂಗಾಮಿ ಕಾರ್ಖಾನೆಗಳಿಗೆ ಇಎಸ್‌ಐ ಅನ್ವಯ ಆಗಲ್ಲ. ಈ ಸೀಮೆಯ ಮೂರು ಮುಖ್ಯ ಬೆಳೆಯ ಹೆಸರು ಹಿಡಿದು ಹೊರಗಿಟ್ಟ ಹಾಗಿದೆ. ಕಾರ್ಖಾನೆಯ ಗೇಟಿನ ಒಳಗಿನವರದ್ದೇ ಈ ಕಥೆ ಅಂದಮೇಲೆ ಹೊಲದಲ್ಲಿ ಕಡಿಯೋರನ್ನ ಕೇಳೋರು ಯಾರು? ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರಿಗೆ ಜ್ವರ ಬಂದರೆ ಕಾನೂನಿನಲ್ಲಿ ಒಂದು ಜಾಗ ಇದೆ. ಇಲ್ಲಿನ ಕೂಲಿಯವರಿಗೆ ಜ್ವರ ಬಂದರೆ ಅವತ್ತಿನ ಕೂಲಿ ಇಲ್ಲ, ಅಷ್ಟೇ. ಕಾಯಿಲೆಯಾಗಿ ಏನೂ ಸಿಗಲ್ಲ. ಏನಾದರೂ ಸಿಗಬೇಕಾದರೆ ಆ ಕಾಯಿಲೆ ವೈಕಲ್ಯ ಆಗಿ ಬೆಳೀಬೇಕು.

ಬೆಳೆದರೂ ಸಿಗುತ್ತಾ? ಇಪ್ಪತ್ತೊಂದರ ಪಟ್ಟಿ ನೋಡಿ. ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗೋರು ಅದರಲ್ಲಿ ಇಲ್ಲ. ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಗೂ ಬಂದಿದೆ, ಬಡವರಿಗೆ ಉಚಿತ, ಅದಕ್ಕೆ ಶಹಬ್ಬಾಸ್ ಅನ್ನಲೇಬೇಕು. ಆದರೆ ವಾರದಲ್ಲಿ ಮೂರು ದಿನ ಯಂತ್ರದ ಪಕ್ಕ ಮಲಗೋ ಮನುಷ್ಯನಿಗೆ ಕೂಲಿ ಯಾರು ಕೊಡ್ತಾರೆ? ಮೂರ್ಛೆ ರೋಗ ಪಟ್ಟಿಯಲ್ಲಿ ಇಲ್ಲ. ಮೂರ್ಛೆ ಇರೋರನ್ನ ಬಾವಿ ಕೆಲಸಕ್ಕೆ, ಯಂತ್ರದ ಕೆಲಸಕ್ಕೆ ಯಾರೂ ಕರೆಯಲ್ಲ. ಕೆಲಸದ ಲೋಕ ಅವರನ್ನ ಅಶಕ್ತರು ಅನ್ನುತ್ತೆ, ಸರ್ಕಾರ ನೀವು ಶಕ್ತರು ಅನ್ನುತ್ತೆ. ಇಬ್ಬರ ನಡುವೆ ಅವರು ನಿಂತಿರ್ತಾರೆ.

ಈಗ ಇನ್ನೊಂದು ಬದಿ. ಅದನ್ನ ಹೇಳದಿದ್ದರೆ ಈ ಮಾತು ಅರ್ಧವೇ.

ಖೊಟ್ಟಿ ಪ್ರಮಾಣಪತ್ರ ಇದೆ. ದಲ್ಲಾಳಿಗಳು ಇದ್ದಾರೆ. 2024ರಲ್ಲಿ ಮಹಾರಾಷ್ಟ್ರದಲ್ಲಿ ತರಬೇತಿಯಲ್ಲಿದ್ದ ಒಬ್ಬ ಐಎಎಸ್ ಅಧಿಕಾರಿಯ ವೈಕಲ್ಯ ಪ್ರಮಾಣಪತ್ರ, ಹಿಂದುಳಿದ ವರ್ಗದ ಪ್ರಮಾಣಪತ್ರದ ಗಲಾಟೆ ನಿಮಗೆ ನೆನಪಿರಬಹುದು. ಯುಪಿಎಸ್‌ಸಿ ಆ ಆಯ್ಕೆಯನ್ನೇ ರದ್ದು ಮಾಡಿತು. ವಾರಗಟ್ಟಲೆ ಎಲ್ಲ ಚಾನೆಲ್ಲುಗಳಲ್ಲೂ ಅದೇ ಸುದ್ದಿ. ಅದು ದೊಡ್ಡ ಸುದ್ದಿಯೇ, ತಪ್ಪಿಲ್ಲ. ಆದರೆ ಅದರ ಬಿಸಿ ತಟ್ಟಿದ್ದು ಯಾರಿಗೆ? ಪ್ರತಿ ಸಲ ಇಂಥ ಒಂದು ಪ್ರಕರಣ ಬಂದಾಗ ನಿಯಮ ಬಿಗಿಯಾಗುತ್ತೆ. ಇನ್ನೊಂದು ದಾಖಲೆ, ಇನ್ನೊಂದು ಪರಿಶೀಲನೆ, ಇನ್ನೊಂದು ಓಡಾಟ. ಸುಳ್ಳು ಹೇಳೋರಿಗೆ ಕಾರು ಇದೆ, ವಕೀಲರು ಇದ್ದಾರೆ, ಅವರು ಹೇಗೋ ದಾಟ್ತಾರೆ. ಬಿಗಿದ ಬಾಗಿಲಿಗೆ ತಲೆ ಬಡಿಯೋದು ನಿಜವಾಗಿ ಕಾಲು ಇಲ್ಲದವರದ್ದು.

ಡಾಕ್ಟರುಗಳ ಕಷ್ಟವನ್ನೂ ಕೇಳಬೇಕು. ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುತ್ತೆ, ಆಪರೇಷನ್ ಕಾದಿರುತ್ತೆ, ಅದರ ನಡುವೆ ಒಬ್ಬರ ಕೀಲಿನ ಕೋನ ಅಳೆದು ಫಾರಂ ತುಂಬಬೇಕು. 38 ಬಂತು. ಮುಂದೆ ಕೂತವರ ಮುಖ ನೋಡಿ 40 ಬರೆದರೆ ನಾಳೆ ಇವರ ಮೇಲೆ ವಿಚಾರಣೆ. 38 ಬರೆದರೆ ಶಾಪ. ಒಬ್ಬ ಡಾಕ್ಟರನ್ನ ದೇಹ ನೋಡಿ ಅಂತ ಕೂರಿಸಿದ್ದೀವಿ, ಬಡತನ ಅಳೆಯೋ ಕೆಲಸವನ್ನೂ ಸದ್ದಿಲ್ಲದೆ ಅವರ ಮೇಲೇ ಹೊರಿಸಿದ್ದೀವಿ.

ಹಾಗಾದರೆ ಪರ್ಸೆಂಟ್ ಬಿಟ್ಟು ಬೇರೆ ದಾರಿ ಇದೆಯಾ? ಬ್ರಿಟನ್ ನೋಡಿ. ಅಲ್ಲಿ 2013ರಿಂದ ಪಿಐಪಿ ಅಂತ ಒಂದು ಭತ್ಯೆ ಇದೆ. ಅಲ್ಲಿ ಅಂಗ ಅಳೆಯಲ್ಲ. ಅಡುಗೆ ಮಾಡಿಕೊಳ್ತೀರಾ, ಸ್ನಾನ ಮಾಡ್ತೀರಾ, ಬಟ್ಟೆ ಹಾಕಿಕೊಳ್ತೀರಾ, ಎಷ್ಟು ಮೀಟರ್ ನಡೀತೀರಾ ಅಂತ ಕೇಳ್ತಾರೆ. ಎಂಟು ಅಂಕ ಬಂದರೆ ಒಂದು ದರ, ಹನ್ನೆರಡು ಬಂದರೆ ಹೆಚ್ಚಿನ ದರ. ಕೇಳೋಕೆ ಚೆನ್ನಾಗಿದೆ. ಆದರೆ ಅಳೆಯೋ ಕೆಲಸವನ್ನ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಅಲ್ಲೂ ಜನ ಬೀದಿಗೆ ಬಂದರು. ಕೆಲಸ ಮಾಡಬೇಡ ಅಂತ ಡಾಕ್ಟರು ಹೇಳಿದ, ಮಾಡಬಹುದು ಅಂತ ಫಾರಂ ಹೇಳಿದ ಒಬ್ಬ ಬಡಗಿಯ ಕಥೆ ಇಟ್ಟುಕೊಂಡು ಕೆನ್ ಲೋಚ್ ‘ಐ, ಡೇನಿಯಲ್ ಬ್ಲೇಕ್’ ಅಂತ ಸಿನಿಮಾ ಮಾಡಿದರು. 2016ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಅದಕ್ಕೇ ಬಂತು. ಅಂದರೆ ಪ್ರಶ್ನೆ ಒಳ್ಳೇದಿದ್ದರೆ ಸಾಲದು, ಕೇಳೋರಿಗೂ ಕಿವಿ ಇರಬೇಕು.

ಅಷ್ಟು ದೂರ ಯಾಕೆ? ನಮ್ಮಲ್ಲೇ ಇದೆ. ಮಾನಸಿಕ ಕಾಯಿಲೆ ಅಳೆಯೋಕೆ ನಮ್ಮ ಮನೋವೈದ್ಯರೇ ಮಾಡಿದ ಐಡಿಯಾಸ್ ಅನ್ನೋ ಮಾಪನ ಇದೆ. ಅದರಲ್ಲಿ ನಾಲ್ಕು ವಿಷಯ: ತನ್ನನ್ನ ತಾನು ನೋಡಿಕೊಳ್ಳೋದು, ಜನರ ಜೊತೆ ಬೆರೆಯೋದು, ಮಾತುಕತೆ, ಕೆಲಸ. ಕೆಲಸ ಅನ್ನೋ ಪದ ಅಲ್ಲಿದೆ! ಮನಸ್ಸಿಗೆ ಪೆಟ್ಟಾದರೆ ಏನು ಕೆಲಸ ಮಾಡ್ತಿದ್ದೆ, ಈಗ ಏನಾಗುತ್ತೆ ಅಂತ ಕೇಳೋಕೆ ಆಗುತ್ತೆ. ಕೈಗೆ ಪೆಟ್ಟಾದಾಗ ಯಾಕೆ ಕೇಳಬಾರದು?

ಸುಪ್ರೀಂ ಕೋರ್ಟ್ ಈ ದಿಕ್ಕಿನಲ್ಲಿ ಆಗಲೇ ಹೆಜ್ಜೆ ಇಟ್ಟಿದೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಪರೀಕ್ಷೆಗೆ ಬರೆಯೋ ಸಹಾಯಕರನ್ನ ಕೊಡೋಕೆ 40 ಪರ್ಸೆಂಟ್ ಬೇಕೇಬೇಕು ಅನ್ನೋದು ಸರಿಯಲ್ಲ ಅಂತ ಹೇಳಿತು. 2024ರ ಅಕ್ಟೋಬರಿನಲ್ಲಿ ಓಂಕಾರ್ ಗೊಂಡ್ ಪ್ರಕರಣದಲ್ಲಿ, ಬರೀ ಪರ್ಸೆಂಟ್ ನೋಡಿ ವೈದ್ಯಕೀಯ ಸೀಟು ನಿರಾಕರಿಸೋ ಹಾಗಿಲ್ಲ, ಆ ವಿದ್ಯಾರ್ಥಿ ಓದಬಲ್ಲನಾ ಅಂತ ಮಂಡಳಿ ಪರೀಕ್ಷಿಸಬೇಕು ಅಂತ ಹೇಳಿತು. ಸೀಟಿಗೆ ಈ ನ್ಯಾಯ ಸಿಕ್ಕಿತು. ಸಂಖ್ಯೆ ಕಡೆ ನೋಡಬೇಡಿ, ಮನುಷ್ಯ ಏನು ಮಾಡಬಲ್ಲ ನೋಡಿ ಅನ್ನೋ ಈ ಮಾತು ಮೆಡಿಕಲ್ ಕಾಲೇಜಿನ ಬಾಗಿಲಿನಿಂದ ಹೋಬಳಿಯ ನಾಡಕಚೇರಿವರೆಗೂ ಬರಬೇಕಲ್ಲ?

ಅದಕ್ಕೆ ನಾನು ಸರ್ಕಾರದ ಮುಂದೆ ಮೂರು ಮಾತು ಇಡ್ತೀನಿ. ಒಂದು, ಗೆರೆಯನ್ನ ಇಳಿಜಾರು ಮಾಡಿ. 25ರಿಂದ 39ರವರೆಗೆ ಇರೋರಿಗೆ ಪೂರ್ತಿ ಅಲ್ಲದಿದ್ದರೂ ಅರ್ಧವಾದರೂ ಕೊಡಿ. ದೈಹಿಕ ಕೂಲಿಯನ್ನೇ ನಂಬಿದವರಿಗಾದರೂ ಕೊಡಿ. ಎರಡು, ತಜ್ಞರನ್ನ ಜನರ ಹತ್ತಿರ ತನ್ನಿ. ತಿಂಗಳಿಗೊಂದು ದಿನ ಹೋಬಳಿಯಲ್ಲೇ ಶಿಬಿರ ಹಾಕಿ, ತಾರೀಕು ಮೊದಲೇ ಹೇಳಿ, ಆ ದಿನ ಸಾಹೇಬರು ರಜೆ ಹಾಕದ ಹಾಗೆ ನೋಡಿಕೊಳ್ಳಿ. ಮೂರು, ಸಕ್ಕರೆ, ಹತ್ತಿ ದುಡಿಮೆಯವರನ್ನ ಹಂಗಾಮಿ ಅನ್ನೋ ಒಂದು ಪದದಿಂದ ಹೊರಗಿಡೋದನ್ನ ನಿಲ್ಲಿಸಿ. ಹೊಟ್ಟೆ ಹಂಗಾಮಿ ಅಲ್ಲ, ವರ್ಷಪೂರ್ತಿ ಹಸಿಯುತ್ತೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅಂತ ಕೇಳ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದ್ದರು. ಅದೂ ಹಳೇ ಪಟ್ಟಿಯ ಕಾಲದ್ದು. ಹೊಸ ಇಪ್ಪತ್ತೊಂದರ ಲೆಕ್ಕದಲ್ಲಿ ಎಷ್ಟು ಜನ ಅಂತ ಮೊದಲು ಎಣಿಸಿ, ಆಮೇಲೆ ಖರ್ಚಿನ ಮಾತಾಡೋಣ. ಎಣಿಸದೆಯೇ ದುಡ್ಡಿಲ್ಲ ಅನ್ನೋದು ಲೆಕ್ಕ ಅಲ್ಲ, ನೆಪ.

ಕೊನೆಯದಾಗಿ ನಿಮ್ಮ ಜೊತೆ ಮಾತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥವರು ಇದ್ದರೆ ಇದನ್ನ ಬರೆದಿಟ್ಟುಕೊಳ್ಳಿ. ಅರ್ಜಿಯನ್ನ ಸ್ವಂತ ಜಿಲ್ಲೆಯ ಆಸ್ಪತ್ರೆಗೇ ಹಾಕಬೇಕು ಅಂತಿಲ್ಲ. ನೀವು ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರಕ್ಕೂ ಹಾಕಬಹುದು ಅಂತ ನಿಯಮ ಇದೆ. ಈ ಭಾಗದ ಎಷ್ಟೋ ಜನ ಹುಬ್ಬಳ್ಳಿ ಕಿಮ್ಸ್‌ಗೆ, ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿರ್ತೀರಿ, ಆ ಚೀಟಿಗಳನ್ನ ಕಾಪಾಡಿಕೊಳ್ಳಿ. ಮಕ್ಕಳ ಪರವಾಗಿ, ಬುದ್ಧಿಯ ತೊಂದರೆ ಇರೋರ ಪರವಾಗಿ ಪೋಷಕರೇ ಅರ್ಜಿ ಹಾಕಬಹುದು. ಮೊದಲು ಒಂದು ತಿಂಗಳಲ್ಲಿ ಪ್ರಮಾಣಪತ್ರ ಕೊಡಬೇಕು ಅಂತಿತ್ತು, 2024ರ ಅಕ್ಟೋಬರ್ ತಿದ್ದುಪಡಿಯಲ್ಲಿ ಅದನ್ನ ಮೂರು ತಿಂಗಳು ಮಾಡಿದ್ದಾರೆ. ಮೂರು ತಿಂಗಳು ದಾಟಿದರೆ ಸುಮ್ಮನಿರಬೇಡಿ, ಬರೆದು ಕೇಳಿ.

ಕಾರ್ಡಿನ ಬಣ್ಣ ನೋಡಿ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡು ಬಂತು ಅಂತ ಬಿಸಾಡಬೇಡಿ, ಮುಂದೆ ಕಾಯಿಲೆ ಹೆಚ್ಚಾದರೆ ಅದೇ ನಿಮ್ಮ ಹಳೇ ದಾಖಲೆ. ನಿಮಗೆ ವೈಕಲ್ಯ ಇಲ್ಲ ಅಂತ ಆಸ್ಪತ್ರೆ ಹೇಳಿದರೆ ಬಾಯಿಮಾತಿಗೆ ಒಪ್ಪಿ ಬರಬೇಡಿ. ಕಾಯ್ದೆಯ 58ನೇ ಕಲಂ ಪ್ರಕಾರ ಅದನ್ನ ಲಿಖಿತವಾಗಿ ತಿಳಿಸಬೇಕು. ನಿರ್ಧಾರ ಒಪ್ಪಿಗೆ ಇಲ್ಲದಿದ್ದರೆ 59ನೇ ಕಲಮಿನಲ್ಲಿ ಮೇಲ್ಮನವಿ ಇದೆ. ಆ ಲಿಖಿತ ಕಾಗದ ಕೈಯಲ್ಲಿ ಇಲ್ಲದಿದ್ದರೆ ಮೇಲ್ಮನವಿಗೆ ಬುಡವೇ ಇಲ್ಲ. ಇಷ್ಟು ಕೊಡಿ, ಇಷ್ಟು ಪರ್ಸೆಂಟ್ ಮಾಡಿಸ್ತೀನಿ ಅಂತ ಬರೋರ ಕೈಗೆ ಒಂದು ರೂಪಾಯಿಯೂ ಕೊಡಬೇಡಿ. ಅವರು ಮಾರೋದು ನಾಳೆ ನಿಮ್ಮನ್ನೇ ಕಟ್ಟಿಹಾಕೋ ಕಾಗದ.

ಈ ಭಾಗದ ಹಿರಿಯರು ಒಂದು ಮಾತು ಕೇಳ್ತಾರೆ: ‘ದುಡಿಲಿಕ್ಕ ಆಗೂದಿಲ್ಲಂದ್ರ ಆಗೂದಿಲ್ರೀ, ಅದಕ್ಯಾವ ಪರ್ಸೆಂಟ?’ ಮಾರ್ಗಸೂಚಿಯ ನೂರಾರು ಪುಟಗಳಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ಉತ್ತರ ಬರೆಯಬೇಕಾದವರು ವಿಧಾನಸೌಧದಲ್ಲಿ, ಸಂಸತ್ತಿನಲ್ಲಿ ಕೂತಿದ್ದಾರೆ. ಮುಂದಿನ ಸಲ ಅವರು ಮತ ಕೇಳೋಕೆ ನಿಮ್ಮ ಮನೆ ಬಾಗಿಲಿಗೆ ಬಂದಾಗ ರಸ್ತೆ ಕೇಳಿ, ನೀರು ಕೇಳಿ, ಜೊತೆಗೆ ಇದನ್ನೂ ಕೇಳಿ.